ಕುಣಿಗಲ್ ಮಾವನ ಜೊತೆ ಕಾಶ್ಮೀರದ ಹಿಮದಲ್ಲಿ ಕುದುರೆ ಸವಾರಿ

ಹೊರಡುವ ಮೊದಲು, ಕುಣಿಗಲ್

ನನ್ನ ಸೋದರಮಾವ ಕುಣಿಗಲ್ ಸ್ಟಡ್ ಫಾರಂನಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವವರು) ಆಗಿದ್ದವರು. ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ ಅದು. ಆಮೇಲೆ ರೇಸ್ ಕುದುರೆಗಳ ತವರಾಯಿತು. ಮಾವ ಹುಡುಗನಾಗಿದ್ದಾಗ ಲಾಯ ಗುಡಿಸೋಕೆ ಸೇರಿ, ಮರಿ ಹಾಕಿಸುವುದರಿಂದ ಹಿಡಿದು ಮಾಲೀಸು ಮಾಡುವವರೆಗೆ ಎಲ್ಲಾ ಕಲಿತು, ಅಲ್ಲೇ ನಿವೃತ್ತರಾದರು. ಈಗಲೂ ಊಟಕ್ಕೆ ಕೂತರೆ ಕುದುರೆಯ ಮಾತೇ.

ನಾವು ತುಮಕೂರಿನಿಂದ ಕಾಶ್ಮೀರಕ್ಕೆ ಹೋಗುವ ವಿಷಯ ಹೇಳಿದಾಗ ಅವರು ಒಂದೇ ಮಾತು ಕೇಳಿದರು. "ಅಲ್ಲಿ ಹಿಮದಾಗೆ ಕುದುರೆ ಓಡಾಡ್ತವಂತೆ, ಹೌದೇನಮ್ಮ? ಜಾರಲ್ವಾ ಅವಕ್ಕೆ?" ನನಗೆ ಉತ್ತರ ಗೊತ್ತಿರಲಿಲ್ಲ. "ಬನ್ನಿ ಮಾವ, ನೀವೇ ನೋಡಿ" ಅಂದೆ. ಅತ್ತೆ ಮೊಣಕಾಲು ನೋವು ಅಂತ ಬರಲಿಲ್ಲ. ಮಾವ, ನಾನು, ನಮ್ಮೆಜಮಾನರು, ಹೈಸ್ಕೂಲಿನಲ್ಲಿ ಓದುವ ಮಗಳು ಹೊರಟೆವು.

ಹೊರಡುವ ಮೊದಲು ಮನೆಯಲ್ಲಿ ಮಾತುಕತೆ ಆಗದೇ ಇರಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಪ್ರವಾಸಿಗಳನ್ನು ಉಳಿಸೋಕೆ ಹೋದ ಅಲ್ಲಿಯ ಕುದುರೆಯವರೊಬ್ಬರೂ ಪ್ರಾಣ ಬಿಟ್ಟರು. ನಮ್ಮತ್ತೆಗೆ ಭಯ. ನನಗೂ ಇತ್ತು. ಕೊನೆಗೆ ಮಾವನೇ ಹೇಳಿದರು: "ಜನರಿಗೋಸ್ಕರ ಜೀವ ಕೊಟ್ಟ ಕುದುರೆಯವನ ಸೀಮೆ ಅದು. ಅಲ್ಲಿ ಕುದುರೆ ಸಾಕೋರು ಈಗ ಹೆಂಗವ್ರೆ ಅಂತ ನೋಡ್ಕಂಡು ಬರಾಣ." ಆಮೇಲೆ ಯಾರೂ ಬೇಡ ಅನ್ನಲಿಲ್ಲ.

ಜನವರಿ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ. ಅತ್ತೆ ಹುರಿದ ಅವರೆಬೇಳೆ ಒಂದು ಡಬ್ಬ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಕಟ್ಟಿಕೊಟ್ಟರು. ಮಾವ ತಿಪಟೂರು ಕೊಬ್ಬರಿ ಮತ್ತು ಒಂದು ಕೆಜಿ ಅಚ್ಚು ಬೆಲ್ಲ ಇಟ್ಟುಕೊಂಡರು. ಬೆಲ್ಲ ಯಾಕೆ ಅಂತ ಆಗ ಕೇಳಲಿಲ್ಲ. ಇನ್ನೊಂದು ವಿಷಯ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ. ಗುಂಪಿನಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಶ್ರೀನಗರ, ಇಳಿದ ದಿನ

ವಿಮಾನದ ಬಾಗಿಲು ತೆಗೆದ ಕೂಡಲೇ ಮೂಗಿನ ಒಳಗೆ ಚುಚ್ಚಿದಂತಾಯಿತು. ತುಮಕೂರಿನಲ್ಲಿ ಜನವರಿ ಬೆಳಗ್ಗೆ ಹದಿನಾಲ್ಕು ಹದಿನೈದು ಡಿಗ್ರಿಗೆ ಬಂದರೆ ನಾವು ಸ್ವೆಟರ್ ಹಾಕಿಕೊಂಡು ನಡುಗುತ್ತೇವೆ. ಇಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಡಿಸೆಂಬರ್ 21ರಿಂದ 40 ದಿನ ಇವರು 'ಚಿಲ್ಲೈ ಕಲಾನ್' ಅಂತ ಕರೆಯುತ್ತಾರೆ. ಚಳಿಗಾಲದಲ್ಲೇ ಅತಿ ಗಟ್ಟಿ ಚಳಿ ಅದು. ಅದು ಕಳೆದ ಮೇಲೆ 20 ದಿನದ ಸಣ್ಣ ಚಳಿ, ಆಮೇಲೆ 10 ದಿನದ ಮರಿ ಚಳಿ. ನಾವು ಹೋದದ್ದು ದೊಡ್ಡ ಚಳಿಯ ಕೊನೆಯ ವಾರ.

ಉಳಿದುಕೊಂಡದ್ದು ಒಂದು ಮನೆಯಲ್ಲಿ. ಚಳಿಗಾಲದಲ್ಲಿ ಹೋಗುವವರು ರೂಮು ಹಿಡಿಯುವ ಮೊದಲು ಹಮಾಮ್ ಇದೆಯಾ ಅಂತ ಕೇಳಿ. ಹಮಾಮ್ ಅಂದರೆ ಕಲ್ಲು ಹಾಸಿದ ಒಂದು ಕೋಣೆ, ಅದರ ನೆಲದ ಕೆಳಗೆ ಸೌದೆ ಉರಿಯುತ್ತದೆ. ಇಡೀ ಮನೆಯವರು ಅಲ್ಲೇ ಕೂರುತ್ತಾರೆ, ಅಲ್ಲೇ ಊಟ, ಅಲ್ಲೇ ಮಾತು. ಒಳಗೆ ಹೋಗಿ ಬರಿಗಾಲಲ್ಲಿ ನಿಂತ ಮಗಳು ಮತ್ತೆ ಈಚೆಗೆ ಬರಲೇ ಇಲ್ಲ. ಮನೆಯ ಅಜ್ಜಿ ತಮ್ಮ ಫೆರನ್ ಅನ್ನುವ ಉದ್ದನೆಯ ನಿಲುವಂಗಿಯ ಒಳಗಿಂದ ಕಾಂಗ್ಡಿ ತೆಗೆದು ನನ್ನ ಮಡಿಲಲ್ಲಿ ಇಟ್ಟರು. ಬೆತ್ತದ ಬುಟ್ಟಿ, ಒಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಜನ ಇದನ್ನು ಬಟ್ಟೆಯೊಳಗೆ ಇಟ್ಟುಕೊಂಡೇ ಓಡಾಡುತ್ತಾರೆ. ನನಗೆ ಅದನ್ನು ಹಿಡಿದುಕೊಂಡು ಏಳೋಕೇ ಧೈರ್ಯ ಬರಲಿಲ್ಲ.

ರಾತ್ರಿ ಊಟಕ್ಕೆ ಅನ್ನ, ರಾಜ್ಮಾ, ಹಾಕ್ ಅನ್ನುವ ಸೊಪ್ಪು. ಕಾಶ್ಮೀರದವರು ಅನ್ನ ಉಣ್ಣುವ ಜನ, ಅದು ನಮಗೆ ದೊಡ್ಡ ಸಮಾಧಾನ. ಸೊಪ್ಪನ್ನು ಹೆಚ್ಚು ಮಸಾಲೆ ಇಲ್ಲದೆ, ತೆಳು ನೀರಿನ ಸಮೇತ ಬಡಿಸುತ್ತಾರೆ. ಮಾವ ಮೂರು ಸಲ ಹಾಕಿಸಿಕೊಂಡರು. ನಮ್ಮ ಚಟ್ನಿಪುಡಿ ಅಜ್ಜಿಗೆ ಖಾರವಾಯಿತು, ಹುರಿದ ಅವರೆಬೇಳೆ ಮಾತ್ರ ಆ ಮನೆಯ ಮಕ್ಕಳು ಅರ್ಧ ಡಬ್ಬ ಖಾಲಿ ಮಾಡಿದರು.

ಸೋನಮಾರ್ಗ್

ಶ್ರೀನಗರದಿಂದ ಸೋನಮಾರ್ಗ್ ಸುಮಾರು 80 ಕಿಲೋಮೀಟರ್. ಕಂಗನ್, ಗುಂಡ್ ದಾಟಿ ಸಿಂಧ್ ನದಿಯ ಪಕ್ಕದಲ್ಲೇ ರಸ್ತೆ. ನೀರು ಹಸಿರು, ಎರಡೂ ದಡದಲ್ಲಿ ಬಿಳಿ, ಕಲ್ಲುಗಳ ಮೇಲೆಲ್ಲ ಹಿಮದ ಟೋಪಿ. ಮಗಳು ಕಿಟಕಿ ಇಳಿಸಿ ಇಳಿಸಿ ಫೋಟೋ ತೆಗೆದಳು, ಡ್ರೈವರ್ ಪಾಪ ಏನೂ ಅನ್ನದೆ ಹೀಟರ್ ಜಾಸ್ತಿ ಮಾಡುತ್ತಿದ್ದರು.

ಮೊದಲು ಈ ಊರು ಚಳಿಗಾಲದಲ್ಲಿ ಮುಚ್ಚಿಹೋಗುತ್ತಿತ್ತು. ಗಗನ್‌ಗೀರ್ ದಾಟಿದ ಮೇಲೆ ಬೆಟ್ಟದಿಂದ ಹಿಮ ಕುಸಿದು ರಸ್ತೆಯೇ ಇರುತ್ತಿರಲಿಲ್ಲ. 2025ರ ಜನವರಿ 13ರಂದು ಅಲ್ಲಿ ಸುಮಾರು ಆರೂವರೆ ಕಿಲೋಮೀಟರ್ ಉದ್ದದ ಸುರಂಗ ತೆರೆಯಿತು. ಈಗ ಹತ್ತು ನಿಮಿಷದಲ್ಲಿ ಆ ಕಡೆ. ಸುರಂಗದ ಈ ಕಡೆ ಕಂದು ಬೆಟ್ಟ, ಅಲ್ಲಲ್ಲಿ ಹಿಮ. ಆ ಕಡೆ ಹೊರಬಿದ್ದರೆ ಹಿಮ ಬಿಟ್ಟು ಏನೂ ಇಲ್ಲ. ಕಣ್ಣು ಬಿಡೋಕೇ ಆಗಲಿಲ್ಲ. ಕೂಲಿಂಗ್ ಗ್ಲಾಸ್ ಶೋಕಿಗಲ್ಲ, ಅಲ್ಲಿ ಅದು ಇಲ್ಲದಿದ್ದರೆ ಸಂಜೆಗೆ ತಲೆನೋವು ಖಂಡಿತ.

ಕಾರು ನಿಂತ ಕೂಡಲೇ ಕುದುರೆಯವರು, ಸ್ಲೆಜ್ ಎಳೆಯುವವರು, ಗಂಬೂಟು ಬಾಡಿಗೆ ಕೊಡುವವರು ಸುತ್ತ ನೆರೆದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ನಮ್ಮೆಜಮಾನರು ಒಬ್ಬರ ಹತ್ತಿರ ರೇಟು ಮಾತಾಡೋಕೆ ಶುರುಮಾಡಿದರು. ಮಾವ ಅವರ ತೋಳು ಹಿಡಿದು ನಿಲ್ಲಿಸಿದರು. "ರೇಟು ಆಮೇಲೆ. ಮೊದ್ಲು ಕುದ್ರೆ ನೋಡಾಣ."

ಮಾವ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಕುದುರೆಯ ಸುತ್ತ ನಡೆದರು. ಕಿವಿ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಜೀನಿನ ಕೆಳಗೆ ಬೆರಳು ತೂರಿಸಿ ಬೆನ್ನು ಮುಟ್ಟುತ್ತಾರೆ. ಗಾಯ ಇದ್ದರೆ ಕುದುರೆ ಚರ್ಮ ಅದುರಿಸುತ್ತದಂತೆ. ಎರಡು ಕುದುರೆಗಳ ಬೆನ್ನಿನಲ್ಲಿ ಹುಣ್ಣಿತ್ತು. ಮಾವ ಅವನ್ನು ಬಿಟ್ಟು ಮುಂದೆ ಹೋದರು. ಕೊನೆಗೆ ಗುಂಪಿನಿಂದ ದೂರ, ಟೀ ಅಂಗಡಿಯ ಪಕ್ಕ ಸುಮ್ಮನೆ ನಿಂತಿದ್ದ ವಯಸ್ಸಾದವರೊಬ್ಬರ ಹತ್ತಿರ ನಿಂತರು. ಅವರು ಕುದುರೆಯ ಮುಂಗಾಲು ಎತ್ತಿ ಮಡಿಲಲ್ಲಿಟ್ಟುಕೊಂಡು ಗೊರಸಿನ ಅಡಿಗೆ ಏನೋ ಸವರುತ್ತಿದ್ದರು. ಹತ್ತಿರ ಹೋಗಿ ನೋಡಿದರೆ, ಯಾವುದೋ ಹಳೆಯ ಜಿಡ್ಡಿನೆಣ್ಣೆ.

ಮಾವನ ಮುಖ ಆಗ ನೋಡಬೇಕಿತ್ತು. ಅವರ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಕುಣಿಗಲ್ಲಿನ ಲಾಯದಲ್ಲಿ ಸಾಬರ ಜೊತೆ ಕೆಲಸ ಮಾಡಿ ಮಾವನಿಗೆ ನಮ್ಮ ಕಡೆಯ ಉರ್ದು ಚೆನ್ನಾಗಿ ಬರುತ್ತದೆ. ಆ ಹಿರಿಯರನ್ನು "ಚಾಚಾ" ಅಂತಲೇ ಮಾತಾಡಿಸಿದರು. ಇಬ್ಬರೂ ಹಿಮದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾವು ಮೂವರು ಚಳಿಯಲ್ಲಿ ನಿಂತು ಕಾಯ್ದೆವು. ಅವರು ಮಾತಾಡಿದ್ದನ್ನು ಮಾವ ಆಮೇಲೆ ನಮಗೆ ಬಿಡಿಸಿ ಹೇಳಿದರು.

ಕುದುರೆ ಬರೀ ಹಿಮದಲ್ಲಿ ಅಷ್ಟಾಗಿ ಜಾರಲ್ಲ. ತೊಂದರೆ ಲಾಳದ್ದು. ಕಬ್ಬಿಣದ ಲಾಳದ ನಡುವಿನ ಟೊಳ್ಳಿನಲ್ಲಿ ಹಿಮ ಸೇರಿಕೊಳ್ಳುತ್ತದೆ, ಹೆಜ್ಜೆ ಹಾಕಿದಂತೆಲ್ಲ ಒತ್ತಿ ಒತ್ತಿ ಐಸ್ ಆಗುತ್ತದೆ. ಸ್ವಲ್ಪ ಹೊತ್ತಿಗೆ ರಾಗಿಮುದ್ದೆ ಕಟ್ಟಿದ ಹಾಗೆ ಗಟ್ಟಿ ಉಂಡೆ. ನಾಲ್ಕು ಕಾಲಿನ ಅಡಿಗೂ ಅಂಥ ಉಂಡೆ ಕಟ್ಟಿಕೊಂಡು ನಿಂತರೆ ಪಾದ ಹೊರಳದೆ ಇರುತ್ತದಾ? ಅದಕ್ಕೇ ಜಿಡ್ಡು. ಜಿಡ್ಡು ಇದ್ದರೆ ಹಿಮ ಅಂಟದೆ ಉದುರುತ್ತದೆ. ಲಾಳ ಇಲ್ಲದ ಗೊರಸಿನಲ್ಲಿ ಇಷ್ಟು ಉಂಡೆ ಕಟ್ಟುವುದಿಲ್ಲ, ಆದರೆ ಗಟ್ಟಿ ಐಸ್ ಮೇಲೆ ಅದಕ್ಕೆ ಹಿಡಿತವಿಲ್ಲ. ಹಾಗಾಗಿ ಲಾಳದ ಮೊಳೆಯ ತಲೆಯನ್ನು ಚೂಪಾಗಿ ಹೊರಗೆ ಬಿಡುತ್ತಾರೆ, ಅದು ಐಸಿಗೆ ಕಚ್ಚಿಕೊಳ್ಳುತ್ತದೆ. ಚಾಚಾನ ಕುದುರೆಗಳ ಲಾಳದಲ್ಲಿ ಆ ಮೊಳೆಗಳಿದ್ದವು. ಮಾವ ಹೆಬ್ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದರು.

"ಇವ್ರ ಕುದ್ರೇನೇ" ಅಂದರು. ಅಲ್ಲಿಗೆ ತೀರ್ಮಾನ ಆಯಿತು.

ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ದುಡ್ಡು, ಈ ಮೂರನ್ನೂ ಹತ್ತುವ ಮೊದಲೇ ಮಾತಾಡಿ ಮುಗಿಸಬೇಕು. ದಾರಿಯಲ್ಲಿ ಮಾತಾಡಿದರೆ ಇಬ್ಬರಿಗೂ ಬೇಜಾರು. ಇನ್ನೊಂದು, ಭಾರ. ಸವಾರ, ಜೀನು ಎಲ್ಲಾ ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇರಬಾರದು ಅನ್ನುವುದು ಕುದುರೆಯವರ ಲೆಕ್ಕ. ಈ ಬೆಟ್ಟದ ಕುದುರೆಗಳು ಚಿಕ್ಕವು. ಕುಣಿಗಲ್ಲಿನ ರೇಸ್ ಕುದುರೆಯ ಭುಜ ಐದಡಿ ಮೇಲೆ, ಇವು ಮಾವನ ಎದೆಯ ಮಟ್ಟ. 300 ಕೆಜಿಯ ಕುದುರೆ ಅಂದರೆ 60 ಕೆಜಿ. ನಮ್ಮೆಜಮಾನರಿಗೆ ಇದ್ದುದರಲ್ಲೇ ದಪ್ಪ ಮೂಳೆಯ ಕಂದು ಕುದುರೆ ಕೊಟ್ಟರು, ಅದೂ ಏರು ಬಂದರೆ ಇಳಿದು ನಡೆಯಬೇಕು ಅನ್ನುವ ಮಾತಿನ ಮೇಲೆ. ಅವರು ಮನಸಾರೆ ಒಪ್ಪಿದರು.

ಗಂಬೂಟಿನ ವಿಷಯದಲ್ಲೂ ಮಾವ ತಡೆದರು. ಬಾಡಿಗೆಗೆ ಸಿಗುವ ಗಂಬೂಟು ಅಗಲ ಜಾಸ್ತಿ. ರಿಕಾಪಿನೊಳಗೆ (ಜೀನಿನಿಂದ ನೇತಾಡುವ, ಕಾಲಿಡುವ ಬಳೆ) ಸಿಕ್ಕಿಕೊಂಡರೆ ಬಿದ್ದಾಗ ಕಾಲು ಬಿಡಿಸಿಕೊಳ್ಳೋಕೆ ಆಗಲ್ಲ, ಕುದುರೆ ಎಳೆದುಕೊಂಡು ಹೋಗುತ್ತದೆ. ಗಂಬೂಟು ಹಾಕಿದರೂ ರಿಕಾಪಿನಲ್ಲಿ ಸಲೀಸಾಗಿ ಒಳಗೆ ಹೊರಗೆ ಆಗುತ್ತದಾ ಅಂತ ನಿಂತಲ್ಲೇ ನೋಡಿಕೊಳ್ಳಿ. ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿ ಇರಲಿ, ಹಿಮ್ಮಡಿ ಕೆಳಗೆ. ಉಣ್ಣೆ ಕಾಲುಚೀಲವೇ ಬೇಕು, ಹತ್ತಿಯದು ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ.

ಹೊರಡುವಾಗ ಮಾವ ಮಾಡಿದ ಒಂದು ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ನನಗೆ ಕೊಟ್ಟ ಬೂದು ಬಣ್ಣದ ಹೆಣ್ಣು ಕುದುರೆಗೆ ಚಾಚಾ ಕಡಿವಾಣ ಹಾಕಬೇಕಿತ್ತು. ಕಬ್ಬಿಣ ರಾತ್ರಿಯೆಲ್ಲ ಹೊರಗೆ ನೇತಾಡಿದ್ದು, ಮುಟ್ಟಿದರೆ ಬೆರಳು ಅಂಟುತ್ತದೆ. ಮಾವ ಕೈಗವಸು ಬಿಚ್ಚಿ ಆ ಕಬ್ಬಿಣವನ್ನು ಎರಡೂ ಅಂಗೈ ನಡುವೆ ಹಿಡಿದರು. ಬಾಯಿ ಹತ್ತಿರ ತಂದು ಉಸಿರು ಊದಿದರು. ತಿರುಗಿಸಿ ಇನ್ನೊಂದು ತುದಿ ಹಿಡಿದರು. ಅವರ ಬೆರಳು ಕೆಂಪಾದವು. ಆಮೇಲೆ ಕಬ್ಬಿಣವನ್ನು ಕೆನ್ನೆಗೆ ಒತ್ತಿ ನೋಡಿ, ಸಾಕು ಅನ್ನಿಸಿದ ಮೇಲೆ ಕುದುರೆಯ ಬಾಯಿಗೆ ಕೊಟ್ಟರು. ಅದು ತಲೆ ಕೊಡವದೆ ತೆಗೆದುಕೊಂಡಿತು. ಚಾಚಾ ಏನೂ ಹೇಳಲಿಲ್ಲ. ಮಾವನ ಹೆಗಲ ಮೇಲೆ ಕೈ ಇಟ್ಟು, ತಮ್ಮ ಫೆರನ್ ಒಳಗಿನ ಕಾಂಗ್ಡಿ ತೆಗೆದು ಅವರ ಕೈಗೆ ಕೊಟ್ಟರು.

ಥಾಜಿವಾಸ್ ಹಿಮನದಿಯ ಕಡೆಗೆ ನಮ್ಮ ದಾರಿ. ಬೇಸಿಗೆಯಲ್ಲಿ ಅದು ಮೂರು ಕಿಲೋಮೀಟರಿನ ಹುಲ್ಲುದಾರಿಯಂತೆ. ಈಗ ಕುದುರೆಗಳು ನಡೆದು ನಡೆದು ಒತ್ತಿದ ಒಂದು ಗೀರು ಮಾತ್ರ, ಒಂದು ಕುದುರೆ ಅಗಲ. ಅದರ ಮೇಲಿದ್ದಷ್ಟು ಹೊತ್ತು ನೆಲ ಗಟ್ಟಿ. ಒಂದು ಹೆಜ್ಜೆ ಆಚೆ ಇಟ್ಟರೆ ಕುದುರೆ ಹೊಟ್ಟೆಯವರೆಗೆ ಇಳಿಯುತ್ತದೆ.

ಮೊದಲ ಹತ್ತು ನಿಮಿಷ ನಾನು ಲಗಾಮು ಬಿಗಿ ಹಿಡಿದಿದ್ದೆ. ಬೂದುಕುದುರೆ ಕತ್ತು ತಗ್ಗಿಸೋಕೆ ನೋಡುತ್ತಿತ್ತು. ಹಿಂದಿನಿಂದ ಮಾವ ಕೂಗಿದರು: "ಲಗಾಮು ಬಿಡಮ್ಮ. ಅದು ನೆಲ ನೋಡ್ಬೇಕು. ನೀನು ಆಯಾಲು ಹಿಡ್ಕೊ." ಆಯಾಲು ಅಂದರೆ ಕುದುರೆಯ ಕತ್ತಿನ ಕೂದಲು. ಬಿಟ್ಟೆ. ಕುದುರೆ ಮೂಗನ್ನು ಹಿಮದವರೆಗೆ ಇಳಿಸಿತು, ಮೂಸಿತು, ಒಂದು ಕಾಲು ಇಟ್ಟು ಒತ್ತಿ ನೋಡಿತು, ಆಮೇಲೆ ಭಾರ ಹಾಕಿತು. ಪ್ರತಿ ಹೆಜ್ಜೆಗೂ ಹಾಗೆಯೇ. ಅಲ್ಲಿಂದ ಮುಂದೆ ನನ್ನ ಮೈ ಸಡಿಲವಾಯಿತು. ಏರಿನಲ್ಲಿ ಮುಂದೆ ಬಾಗಿ, ಇಳಿಜಾರಿನಲ್ಲಿ ಹಿಂದಕ್ಕೆ ಒರಗಿ ಕೂತರೆ ಸಾಕು. ದಾರಿ ಹುಡುಕುವ ಕೆಲಸ ಅದರದು. ಹಿಮದಲ್ಲಿ ಸವಾರಿ ಮಾಡುವವರು ಕಲಿಯಬೇಕಾದದ್ದು ಇಷ್ಟೇ ಅಂತ ನನಗೆ ಅನ್ನಿಸಿದೆ.

ಸದ್ದು ಬಹಳ ಕಡಿಮೆ. ಗೊರಸು ಇಟ್ಟಾಗ ಕರಕರ, ಜೀನಿನ ತೊಗಲು ಕಿರುಗುಟ್ಟುವುದು, ಕುದುರೆಯ ಉಸಿರು. ಉಸಿರಿನ ಹಬೆ ಅದರ ಗಡ್ಡದ ಕೂದಲಲ್ಲೇ ಹೆಪ್ಪುಗಟ್ಟಿ ಬಿಳಿಯ ಮೀಸೆ ಬಂದಿತ್ತು. ಎರಡೂ ಬದಿ ಪೈನ್ ಮರಗಳು. ಆಗಾಗ ಒಂದು ಕೊಂಬೆ ಭಾರ ತಾಳದೆ ಬಗ್ಗಿ ಹಿಮ ಸುರಿದು ಮತ್ತೆ ಮೇಲೆ ಚಿಮ್ಮುತ್ತಿತ್ತು.

ಅರ್ಧ ದಾರಿಯಲ್ಲಿ ಎದುರಿಗೆ ಒಂದು ಗುಂಪು ಬಂತು. ಯಾವುದೋ ಕುದುರೆಯವನಿಗೆ ಮುಂದಿನ ಗಿರಾಕಿಯ ಅವಸರ. ನಿಲ್ಲಿಸದೆ ನಮ್ಮ ಪಕ್ಕದಲ್ಲೇ ನುಗ್ಗಿಸಿದ. ನಮ್ಮೆಜಮಾನರ ಕಂದು ಕುದುರೆ ಜಾಗ ಕೊಡೋಕೆ ಪಕ್ಕಕ್ಕೆ ಸರಿದು ಮೆತ್ತನೆಯ ಹಿಮದಲ್ಲಿ ಕುಸಿಯಿತು. ಇವರು ಹೆಗಲ ಮೇಲಿನಿಂದ ಜಾರಿ ತಲೆಕೆಳಗಾಗಿ ಹಿಮದೊಳಗೆ ಹೋದರು. ಮಗಳು "ಅಪ್ಪಾ" ಅಂತ ಕಿರುಚಿದಳು. ಅದೃಷ್ಟಕ್ಕೆ ಕಾಲು ರಿಕಾಪಿನಿಂದ ತಾನಾಗಿ ಬಿಡಿಸಿಕೊಂಡಿತ್ತು. ಮಾವನ ಗಂಬೂಟಿನ ಪರೀಕ್ಷೆ ಅಲ್ಲಿ ಕೆಲಸಕ್ಕೆ ಬಂತು.

ಕುದುರೆ ಒದ್ದಾಡಲಿಲ್ಲ. ಹೊಟ್ಟೆಯವರೆಗೆ ಹೂತುಕೊಂಡು ಸುಮ್ಮನೆ ನಿಂತು ಚಾಚಾನ ಕಡೆ ನೋಡಿತು. ಚಾಚಾ ಮೊದಲು ಹೊಟ್ಟೆಪಟ್ಟಿ ಸಡಿಲಿಸಿ ಜೀನು ಇಳಿಸಿದರು. ಎದೆಯ ಮುಂದಿನ ಹಿಮವನ್ನು ಕೈಯಲ್ಲೇ ತೋಡಿ ಇಳಿಜಾರು ಮಾಡಿದರು. ಆಮೇಲೆ ಬಾಯಲ್ಲಿ ಒಂದು ಸದ್ದು ಮಾಡಿದರು. ಎರಡೇ ನೆಗೆತಕ್ಕೆ ಕುದುರೆ ಮೇಲೆ ಬಂತು. ಮಾವ ಅದರ ನಾಲ್ಕೂ ಕಾಲು ಸವರಿ ನೋಡಿದರು. ಹಿಂದಿನ ಎಡಗಾಲಿನ ಲಾಳ ಸ್ವಲ್ಪ ಅಲುಗುತ್ತಿತ್ತು. "ಇನ್ನು ಇದರ ಮೇಲೆ ಯಾರೂ ಬ್ಯಾಡ" ಅಂದರು. ಚಾಚಾ ತಾವೇ ಹೇಳುವವರಿದ್ದರು. ಇವರು ಉಳಿದ ದಾರಿಯೆಲ್ಲ ಕುದುರೆಯ ಪಕ್ಕ ನಡೆದರು. ಮುಂದೆ ಹಿಮ ಜಾಸ್ತಿ ಅಂತ ಹಿಮನದಿಯ ಹತ್ತಿರದವರೆಗೆ ಹೋಗದೆ ದೂರದಿಂದಲೇ ನೋಡಿ ತಿರುಗಿದೆವು.

ಆಗ ಬೆಲ್ಲ ಹೊರಬಂತು. ಮಾವ ಅಚ್ಚನ್ನು ಕಲ್ಲಿಗೆ ಕುಟ್ಟಿ ಒಡೆದು, ಅಂಗೈ ಚಪ್ಪಟೆ ಹಿಡಿದು ಪ್ರತಿ ಕುದುರೆಗೂ ಒಂದು ಚೂರು ಕೊಟ್ಟರು. ಮಗಳ ಕೈಯಿಂದಲೂ ಕೊಡಿಸಿದರು. ಬೆರಳು ಮಡಿಸಬಾರದು, ಬೆಲ್ಲದ ಜೊತೆ ಬೆರಳೂ ಹಲ್ಲಿಗೆ ಸಿಗುತ್ತದೆ.

ಕೆಳಗೆ ಬಂದು ಟೀ ಅಂಗಡಿಯಲ್ಲಿ ನೂನ್ ಚಾಯ್ ಕುಡಿದೆವು. ಗುಲಾಬಿ ಬಣ್ಣದ ಉಪ್ಪು ಟೀ. ಮೊದಲ ಗುಟುಕು ನನಗೆ ಸೇರಲಿಲ್ಲ, ಗಿರ್ದಾ ರೊಟ್ಟಿ ಅದ್ದಿಕೊಂಡು ತಿಂದ ಮೇಲೆ ಹಿಡಿಸಿತು. ಚಾಚಾ ತಮ್ಮ ಸಂಸಾರದ ವಿಷಯ ಹೇಳಿದರು. ಏಪ್ರಿಲ್ ಘಟನೆ ಆದ ಮೇಲೆ ಎಷ್ಟೋ ತಿಂಗಳು ಪ್ರವಾಸಿಗಳೇ ಇರಲಿಲ್ಲ. ಕುದುರೆ ದುಡಿಯದಿದ್ದರೂ ತಿನ್ನುವುದು ನಿಲ್ಲಿಸಲ್ಲ. ಒಂದು ಕುದುರೆಯನ್ನು ಮಾರಿದರು. ಸುರಂಗ ಆದ ಮೇಲೆ ಚಳಿಗಾಲದಲ್ಲೂ ಜನ ಬರುತ್ತಿದ್ದಾರೆ, ಅದೇ ಈಗ ಆಸರೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಮಾವ ತಿಪಟೂರು ಕೊಬ್ಬರಿಯ ಗಿಟುಕು ಒಂದನ್ನು ಅವರ ಕೈಗಿಟ್ಟು, ಬೆಲ್ಲದ ಜೊತೆ ತಿನ್ನಿ ಅಂದರು.

ಸೋನಮಾರ್ಗ್, ಮಾರನೇ ಬೆಳಗ್ಗೆ

ರಾತ್ರಿ ಅಲ್ಲೇ ಉಳಿದೆವು. ರಾತ್ರಿಯೆಲ್ಲ ಹಿಮ ಬಿತ್ತು. ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ, ಪೈಪಿನೊಳಗೇ ಕಟ್ಟಿಹೋಗಿತ್ತು. ಹೋಟೆಲಿನ ಹುಡುಗ ಒಂದು ಬಕೆಟ್ ಬಿಸಿನೀರು ತಂದುಕೊಟ್ಟ, ನಾಲ್ವರಿಗೂ ಅಷ್ಟೇ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಬಿಸಿಹಾಲು ಹಾಕಿ ಕಲಸಿ ತಿಂದೆವು. ಆ ಚಳಿಗೆ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಮಾವ ಅಷ್ಟು ಹೊತ್ತಿಗೆ ಚಾಚಾನ ತಗಡಿನ ಲಾಯದಲ್ಲಿದ್ದರು. ನಾನೂ ಹೋದೆ. ಬೂದುಕುದುರೆ ಬಾಗಿಲ ಹೊರಗೆ ನಿಂತಿತ್ತು, ಬೆನ್ನ ಮೇಲೆ ಒಂದು ಗೇಣು ಹಿಮ. "ಅಯ್ಯೋ, ಪಾಪ" ಅಂದೆ. ಮಾವ ನಕ್ಕರು. "ಪಾಪ ಅಲ್ಲ. ಹಿಮ ಕರಗಿಲ್ಲ ನೋಡು. ಅಂದ್ರೆ ಮೈ ಬಿಸಿ ಹೊರಗೆ ಬರ್ತಿಲ್ಲ." ಅವರು ಕೈಯಿಂದ ಹಿಮ ಸರಿಸಿ, ಕೂದಲು ಬಿಡಿಸಿ ಬುಡ ತೋರಿಸಿದರು. ಬೆರಳು ಇಟ್ಟರೆ ಬೆಚ್ಚಗಿತ್ತು, ಚರ್ಮ ಒಣಗಿತ್ತು. ಹಗಲು ಚಿಕ್ಕದಾಗುತ್ತಾ ಬಂದಂತೆ ಕುದುರೆಗೆ ಚಳಿಗಾಲದ ಕೂದಲು ಬೆಳೆಯುತ್ತದೆ. ಚಳಿ ಹೆಚ್ಚಾದರೆ ಆ ಕೂದಲು ನೆಟ್ಟಗೆ ನಿಂತು ನಡುವೆ ಗಾಳಿ ಹಿಡಿದಿಡುತ್ತದೆ. ಮೊಣಕಾಲಿನ ಕೆಳಗೆ ಮಾಂಸ ಇಲ್ಲ, ಬರೀ ಮೂಳೆ ಮತ್ತು ಹಗ್ಗದಂಥ ಸ್ನಾಯುರಜ್ಜು, ಅದಕ್ಕೇ ಹಿಮದಲ್ಲಿ ನಿಂತರೂ ತಡೆದುಕೊಳ್ಳುತ್ತದೆ. ಕೆಟ್ಟದ್ದು ಅಂದರೆ ಒದ್ದೆ. ಬೆವರಿದ ಕುದುರೆಯನ್ನು ಹಾಗೇ ನಿಲ್ಲಿಸಿದರೆ ಕೂದಲು ಮೈಗೆ ಅಂಟಿ ಚಳಿ ಒಳಗೆ ಇಳಿಯುತ್ತದೆ. ಹಿಂದಿನ ದಿನ ಚಾಚಾ ಕೊನೆಯ ದಾರಿಯನ್ನು ಬೇಕಂತಲೇ ನಿಧಾನ ನಡೆಸಿದ್ದು, ಬಂದ ಮೇಲೆ ಹುಲ್ಲಿನ ಹಿಡಿಯಿಂದ ಬೆನ್ನು ತಿಕ್ಕಿದ್ದು ಯಾಕೆ ಅಂತ ಆಗ ಅರ್ಥವಾಯಿತು. ನಿಮ್ಮ ಕುದುರೆಯವರು ನಿಧಾನ ನಡೆಸಿದರೆ ಅವಸರ ಮಾಡಬೇಡಿ.

ಮೂಲೆಯಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆ. ಕುದುರೆಗೆ ನೀರು ಕಾಯಿಸುತ್ತಿದ್ದರು. ತೀರಾ ತಣ್ಣಗಿನ ನೀರನ್ನು ಕುದುರೆ ಸಾಕಷ್ಟು ಕುಡಿಯುವುದಿಲ್ಲ. ಒಣಹುಲ್ಲು ತಿಂದು ನೀರು ಕಡಿಮೆಯಾದರೆ ಹೊಟ್ಟೆ ಕಟ್ಟಿ ಸಾಯುವುದೂ ಉಂಟು. ಹುಲ್ಲು ಮಾತ್ರ ಯಾವಾಗಲೂ ಮುಂದೆ ಇರಬೇಕು, ಅದು ಹೊಟ್ಟೆಯಲ್ಲಿ ಹುಳಿಯುವಾಗಲೇ ಕುದುರೆಗೆ ಒಳಗಿನ ಶಾಖ. ನಾವು ಹೋಟೆಲಿನಲ್ಲಿ ಒಂದು ಬಕೆಟ್ ನೀರಿಗೆ ಕಷ್ಟಪಟ್ಟಿದ್ದೆವು. ಚಾಚಾನ ಮಗ ಬೆಳಗಿನಿಂದ ಹಿಮ ಕರಗಿಸಿ ಕರಗಿಸಿ ನಾಲ್ಕು ಕುದುರೆಗೆ ಬಕೆಟ್ ಬಕೆಟ್ ತುಂಬಿಸುತ್ತಿದ್ದ.

ಕಂದು ಕುದುರೆಯ ಎಡಗಾಲನ್ನು ಕಂಗನ್‌ನ ನಾಲ್‌ಬಂದ್ (ಲಾಳ ಕಟ್ಟುವವರು) ಹತ್ತಿರ ತೋರಿಸಬೇಕು, ಎರಡು ದಿನ ಬಿಟ್ಟು ಇಳಿಸುತ್ತೇನೆ ಅಂದರು ಚಾಚಾ. ಮಾವ ಅವರ ನಂಬರು ಬರೆದುಕೊಂಡರು.

ಗುಲ್ಮಾರ್ಗ್

ಎಲ್ಲರೂ ಹೇಳುವ ಗುಲ್ಮಾರ್ಗ್ ನಮಗೆ ಅರ್ಧದಿನದ್ದಾಯಿತು. ತಂಗ್‌ಮಾರ್ಗ್‌ನಲ್ಲಿ ನಮ್ಮ ಕಾರು ನಿಲ್ಲಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಬೇರೆ ಗಾಡಿಗೆ ಹತ್ತಿಸಿದರು. ಹಿಮ ಬಿದ್ದ ದಿನ ಇದು ಇದ್ದೇ ಇರುತ್ತದೆ, ಅದಕ್ಕೆ ಬೇರೆ ಹಣ, ಬೇರೆ ಸಮಯ ಇಟ್ಟುಕೊಳ್ಳಿ. ಮೇಲೆ ಗಾಳಿ ಜೋರಾಗಿತ್ತು ಅಂತ ಗೊಂಡೋಲ, ಅಂದರೆ ಕೇಬಲ್ ಕಾರು, ನಿಲ್ಲಿಸಿದ್ದರು. ಅಫರ್ವಟ್ ಶಿಖರ ಮೋಡದಲ್ಲಿತ್ತು, ನಮಗೆ ಕಾಣಲೇ ಇಲ್ಲ.

ಮಗಳು ಇಲ್ಲೂ ಕುದುರೆ ಹತ್ತಬೇಕು ಅಂದಳು. ಈ ಸಲ ಯಾರೂ ಹೇಳಿಕೊಡದೆ ಅವಳೇ ಕುದುರೆಯ ಸುತ್ತ ಬಂದಳು, ಬೆನ್ನು ಮುಟ್ಟಿದಳು, ಕಾಲು ಎತ್ತಿ ತೋರಿಸಿ ಅಂತ ಆ ಹುಡುಗನನ್ನು ಹಿಂದಿಯಲ್ಲಿ ಕೇಳಿದಳು. ಅವನಿಗೆ ಆಶ್ಚರ್ಯ. ಗೊರಸಿನಲ್ಲಿ ಉಂಡೆ ಕಟ್ಟಿತ್ತು. ಅವನು ಕಲ್ಲಿನಿಂದ ತಟ್ಟಿ ಉದುರಿಸಿದ ಮೇಲೆಯೇ ಹತ್ತಿದಳು. ಮಾವ ದೂರದಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಹೋಗಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಇವ್ಳಿಗೆ ಕೈ ಐತೆ ಕಣಮ್ಮ" ಅಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಶ್ರೀನಗರ, ಕಂಗನ್

ಹೊರಡಬೇಕಾದ ದಿನ ಬೆಳಗ್ಗೆಯೇ ಮೆಸೇಜು. ರನ್‌ವೇ ಮೇಲೆ ಹಿಮ, ವಿಮಾನ ಇಲ್ಲ, ನಾಳೆ ನೋಡೋಣ. ಚಳಿಗಾಲದಲ್ಲಿ ಇಲ್ಲಿ ಇದು ಆಗುತ್ತಲೇ ಇರುತ್ತದೆ. ವಾಪಸು ಬಂದ ಮಾರನೇ ದಿನವೇ ಆಫೀಸು, ಪರೀಕ್ಷೆ ಇಟ್ಟುಕೊಳ್ಳಬೇಡಿ. ನಮ್ಮೆಜಮಾನರು ಫೋನಿನಲ್ಲಿ ಓಡಾಡುತ್ತಿದ್ದರೆ ಮಾವನಿಗೆ ಮಾತ್ರ ಖುಷಿ. "ಇವತ್ತೇ ಅಲ್ವಾ ಲಾಳ ಹೊಡ್ಸೋದು?"

ಮಧ್ಯಾಹ್ನ ಬಿಸಿಲು ಬಂತು. ಟ್ಯಾಕ್ಸಿ ಮಾಡಿಕೊಂಡು ಕಂಗನ್‌ಗೆ ಹೋದೆವು. ರಸ್ತೆ ಪಕ್ಕದ ಒಂದು ಸಣ್ಣ ಅಂಗಡಿಯ ಮುಂದೆ ಚಾಚಾ, ಕಂದು ಕುದುರೆ, ನಾಲ್‌ಬಂದ್. ನಮ್ಮನ್ನು ನೋಡಿ ಚಾಚಾ ಎರಡೂ ಕೈ ಚಾಚಿಕೊಂಡು ಬಂದರು.

ನಾಲ್‌ಬಂದ್ ಹಳೇ ಮೊಳೆಗಳ ಮಡಿಚಿದ ತುದಿ ನೆಟ್ಟಗೆ ಮಾಡಿ, ಇಕ್ಕಳದಿಂದ ಹಿಮ್ಮಡಿಯ ಕಡೆಯಿಂದ ಲಾಳ ಎಬ್ಬಿಸಿದರು. ಗೊರಸಿನ ಅಂಚು ಬೆಳೆದಿದ್ದನ್ನು ಕತ್ತರಿಸಿ ಅರದಿಂದ ಸಮ ಮಾಡಿದರು. ಹೊಸ ಲಾಳ ಇಟ್ಟು ನೋಡಿ, ಹೊಂದಲಿಲ್ಲ ಅಂತ ಅಡೆಗಲ್ಲಿನ ಮೇಲೆ ಎರಡು ಪೆಟ್ಟು ಹಾಕಿ ಮತ್ತೆ ಇಟ್ಟರು. ಮಾವ ಅಷ್ಟೂ ಹೊತ್ತು ಕುದುರೆಯ ಕಾಲನ್ನು ತಮ್ಮ ತೊಡೆಯ ಮೇಲೆ ಹಿಡಿದಿದ್ದರು. ಮೊಳೆ ಹೊಡೆಯುವಾಗ ಇಬ್ಬರೂ ಸದ್ದು ಕೇಳುತ್ತಿದ್ದರು. ಗೊರಸಿನ ಗಟ್ಟಿ ಗೋಡೆಯಲ್ಲಿ ಹೋಗುವ ಮೊಳೆಗೆ ಗಟ್ಟಿ ಸದ್ದು. ಮೆತ್ತನೆ ಸದ್ದು ಬಂದರೆ ಮೊಳೆ ಒಳಗಿನ ಜೀವದ ಭಾಗದ ಕಡೆ ಹೋಗುತ್ತಿದೆ ಅಂತ. ಮೂರನೇ ಮೊಳೆಗೆ ಮಾವ ತಲೆ ಎತ್ತಿದರು, ಅದೇ ಗಳಿಗೆಗೆ ನಾಲ್‌ಬಂದ್ ಸುತ್ತಿಗೆ ನಿಲ್ಲಿಸಿದರು. ಮೊಳೆ ಕಿತ್ತು ಸ್ವಲ್ಪ ಹೊರಗೆ ಹೊಡೆದರು. ಅವರಿಬ್ಬರೂ ಒಂದು ಮಾತೂ ಆಡಿರಲಿಲ್ಲ.

ಕೊನೆಗೆ ಕುದುರೆಯನ್ನು ಕಲ್ಲುಹಾಸಿನ ಮೇಲೆ ನಡೆಸಿದರು. ನಾಲ್ಕೂ ಕಾಲಿನ ಸದ್ದು ಸಮ. ಮಾವ ಲಾಳದ ದುಡ್ಡು ತಾವು ಕೊಡುತ್ತೇನೆ ಅಂತ ಹಟ ಹಿಡಿದರು. ನಮ್ಮ ಮನೆಯವರು ಬಿದ್ದಾಗ ಸಡಿಲವಾದದ್ದು ಅನ್ನುವುದು ಅವರ ವಾದ. ಚಾಚಾ ಒಪ್ಪಲೇ ಇಲ್ಲ. ಅಕ್ರೋಟು ತುಂಬಿದ ಒಂದು ಚೀಲವನ್ನೂ ನನ್ನ ಕೈಗೆ ತುರುಕಿದರು. ಇನ್ನೇನು ಮಾಡೋದು, ಮಾವ ಆ ದುಡ್ಡಿಗೆ ಪಕ್ಕದ ಅಂಗಡಿಯಿಂದ ಎರಡು ಮೂಟೆ ಬೂಸಾ ತರಿಸಿ ಕುದುರೆಯ ಮುಂದೆ ಇಳಿಸಿದರು. ಕುದುರೆಗೆ ಕೊಟ್ಟದ್ದನ್ನು ಬೇಡ ಅನ್ನೋಕೆ ಚಾಚಾನಿಗೆ ಆಗಲಿಲ್ಲ.

ಮಾರನೇ ದಿನ ವಿಮಾನ ಸಿಕ್ಕಿತು. ತುಮಕೂರು ಸೇರಿದಾಗ ಬೆಳಗಿನ ಹೊತ್ತು, ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದೇ ಮನೆಗೆ ಹೋದೆವು.

ಮಾವ ಮತ್ತು ಚಾಚಾ ಈಗ ಶುಕ್ರವಾರ ಸಂಜೆ ಫೋನಿನಲ್ಲಿ ಮಾತಾಡುತ್ತಾರೆ. ಬೂದುಕುದುರೆ ಗಬ್ಬವಾಗಿದೆಯಂತೆ. ಕುದುರೆಗೆ ಹನ್ನೊಂದು ತಿಂಗಳು, ಹಾಗಾಗಿ ಮರಿ ಮುಂದಿನ ಚಳಿಗಾಲ ಮುಗಿಯುವ ಹೊತ್ತಿಗೆ. ಏನು ತಿನ್ನಿಸಬೇಕು, ಯಾವ ತಿಂಗಳಿನಿಂದ ಸವಾರಿ ನಿಲ್ಲಿಸಬೇಕು ಅಂತ ಮಾವ ಇಲ್ಲಿಂದಲೇ ಹೇಳುತ್ತಿದ್ದಾರೆ. ಅವರು ಆಗಲೇ ಟಿಕೆಟ್ ವಿಚಾರಿಸಿದ್ದಾರೆ. ಮಗಳು ಪರೀಕ್ಷೆ ಯಾವಾಗ ಅಂತ ಕ್ಯಾಲೆಂಡರ್ ನೋಡುತ್ತಿದ್ದಾಳೆ.